ಸಾಹೇಬರು ತೋರಿಸಿದ ಗೆರೆ

ನಮ್ಮ ರಾಜಧಾನಿಯಲ್ಲಿ ಕಳ್ಳರಿಗಿಂತ ಪೊಲೀಸರಲ್ಲೇ ಬಗೆಗಳು ಜಾಸ್ತಿ. ರಸ್ತೆಗೆ ನಗರ ಪೊಲೀಸ್, ಸುರಂಗ ನಿಲ್ದಾಣದ ಮೆಟ್ಟಿಲಿಗೆ ರೈಲ್ವೆ ಪೊಲೀಸ್, ಮೆಟ್ಟಿಲ ಪಕ್ಕದ ಹುಲ್ಲಿಗೆ ಉದ್ಯಾನದ ಪೊಲೀಸ್, ಶಾಸನಸಭೆಯ ಸುತ್ತ ಸಭಾ ಪೊಲೀಸ್. ಜೇಬುಗಳ್ಳನೊಬ್ಬ ಓಡಿದರೆ ಇಷ್ಟೂ ಬಣ್ಣದ ಟೋಪಿಗಳು ಅವನ ಮುಖ ನೋಡುವುದಿಲ್ಲ, ಅವನ ಕಾಲು ಯಾರ ನೆಲದ ಮೇಲಿದೆ ಅಂತ ನೋಡುತ್ತವೆ. ಆ ನೆಲಗಳ ನಡುವೆ ಹಳದಿ ಗೆರೆ ಎಳೆಯುವವಳು ನಾನು. ರಸ್ತೆ ಇಲಾಖೆಯಲ್ಲಿ ಬಣ್ಣದ ಮೋಟಾರು ಗಾಡಿ ತಳ್ಳುವ ಕೆಲಸ.

ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಹೋದ ವರ್ಷ ಒಂದು ಮಧ್ಯಾಹ್ನ ನಾನು ಮರೆತುಬಂದ ಕನ್ನಡಕ ಕೊಡಲು ಸಭೆಯ ರಸ್ತೆಗೆ ಬಂದಿದ್ದ. ಸಭೆಯ ಗೇಟಿನಿಂದ ನುಗ್ಗಿದ ಕರಿ ಕಾರು ಅವನನ್ನು ಲೈಟ್ ಕಂಬಕ್ಕೆ ಎಸೆದು, ನಿಲ್ಲದೆ ಹೋಯಿತು. ಗೇಟಿನಲ್ಲಿ ಆ ಕಾರಿಗೆ ಸೆಲ್ಯೂಟ್ ಹೊಡೆದಿದ್ದ ಸಭಾ ಪೊಲೀಸಿನ ಇನ್ಸ್‌ಪೆಕ್ಟರೇ ಮೊದಲು ಬಂದ. ಅವನಿಗೆ ನಾವಿಟ್ಟ ಹೆಸರು ಇಸ್ತ್ರಿ ಸಾಹೇಬ. ಎಲ್ಲಿ ಸುಕ್ಕಾಗುತ್ತದೋ ಅಂತ ಆ ಮನುಷ್ಯ ಬಗ್ಗುವುದೇ ಇಲ್ಲ.

ಅವತ್ತೂ ಬಗ್ಗಲಿಲ್ಲ. ಎರಡು ಪೊಲೀಸರ ನಡುವಿನ ಗೆರೆ ಇದ್ದದ್ದು ಬಸ್ ಸ್ಟಾಪಿನ ಹತ್ತಿರ. ಕಂಬ ಅದಕ್ಕಿಂತ ಒಳಗೆ, ಸಭೆಯವರ ನೆಲದಲ್ಲಿ. ಆದರೆ ಗೆರೆ ಸವೆದು ಹೋಗಿತ್ತು. ಸಾಹೇಬ ಕೋಲೆತ್ತಿ, ಕಂಬದಿಂದ ಇನ್ನೂ ಒಳಗಿದ್ದ ಚರಂಡಿ ಜಾಲರಿ ತೋರಿಸಿದ. "ಗೆರೆ ಇರೋದು ಅಲ್ಲಿ. ಇವನು ಬಿದ್ದಿರೋದು ನಗರದವರ ಕಡೆ."

ನಗರದ ಇನ್ಸ್‌ಪೆಕ್ಟರ್ ಬಂದ, ದಪ್ಪ ಮೀಸೆಯವನು. "ಕಂಬ ಯಾವತ್ತಿಂದಾನೂ ನಿಮ್ಮದು ಸಾರ್, ನಮ್ಮ ತಲೆಗೆ ಕಟ್ಟಬೇಡಿ."

ಮೊದಲು ಮುಟ್ಟಿದವರ ಕೊರಳಿಗೇ ಕೇಸು. ಅದಕ್ಕೇ ಇಬ್ಬರೂ ಮುಟ್ಟಲಿಲ್ಲ. ನಾನು, ಬಸ್ಸಿಗೆ ನಿಂತವರು ಸೇರಿ ಎತ್ತಲು ಹೋದರೆ ಇಸ್ತ್ರಿ ಸಾಹೇಬ ಕೋಲು ಅಡ್ಡ ಹಿಡಿದ. "ತೀರ್ಮಾನ ಆಗೋವರೆಗೂ ಯಾರೂ ಮುಟ್ಟಬಾರದು!"

ತಮ್ಮ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಇವರಿಗೆ ಏನು ಬೇಕಂತೆ?" ಅಂದ. ಅದೇ ಅವನ ಕಡೆಯ ಮಾತು. ಅವರು ಇನ್ನೂ ಜಗಳ ಆಡುತ್ತಿದ್ದರು.

ಕೇಸು ಎಲ್ಲೂ ದಾಖಲಾಗಲಿಲ್ಲ. ಅಲೆದು ಅಲೆದು ಚಪ್ಪಲಿ ಸವೆಯಿತು, ಕರಿ ಕಾರು ಮಾತ್ರ ದಿನಾ ಅದೇ ಗೇಟಿನಿಂದ ಓಡಾಡಿತು. ನಾನು ಮನೆಗೆ ಬಂದಾಗಲೆಲ್ಲ ಅಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನನ್ನ ಮಗ ಕೊನೆಗೆ ಯಾರ ಕಡೆ ಸತ್ತನಂತೆ?" ಬೆಳಗಾದರೆ ನಾನು ಮತ್ತೆ ಠಾಣೆಗೆ ಹೊರಡುತ್ತಿದ್ದೆ.

ಮುಂದಿನದು ಕೇಳಿ, ನಿಮ್ಮ ಹೊಟ್ಟೆಯೂ ಉರಿಯುತ್ತದೆ. ಅಪಘಾತದ ಜಾಗ ಅಂತ ಅದೇ ಕಂಬದ ಬುಡದಲ್ಲಿ, ಈಗ ನೆಲ ತಮ್ಮದೇ ಅನ್ನುತ್ತ, ಸಭಾ ಪೊಲೀಸರು ಗಾಜಿನ ಚೌಕಿ ಕಟ್ಟಿದರು. ಒಳಗೆ ತಣ್ಣನೆ ಗಾಳಿಯ ಯಂತ್ರ, ಹೊರಗೆ ಕಲ್ಲಿನ ಮೇಲೆ ಇಸ್ತ್ರಿ ಸಾಹೇಬನ ಹೆಸರು. ನನ್ನ ತಮ್ಮ ಬಿದ್ದ ಜಾಗದಲ್ಲಿ ಸಾಹೇಬ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದ. ಹಲ್ಲು ಕಚ್ಚಿಕೊಂಡು ಗಾಡಿ ತಳ್ಳುತ್ತಿದ್ದೆ.

ಈ ವರ್ಷ ರಸ್ತೆಗೆ ಹೊಸ ಟಾರು ಬಿತ್ತು. ಹಳೆ ಗೆರೆಯ ಗುರುತೂ ಉಳಿಯಲಿಲ್ಲ. "ಇಲ್ಲಿ ಗೆರೆ ಎಲ್ಲಿತ್ತೇ?" ಅಂತ ಮೇಸ್ತ್ರಿ ತಲೆ ಕೆರೆದುಕೊಂಡ.

"ನಂಗೊತ್ತು. ಸಾಹೇಬರೇ ಕೋಲಲ್ಲಿ ತೋರಿಸಿದ್ದಾರೆ," ಅಂದೆ.

ಚರಂಡಿ ಜಾಲರಿಗೆ ಸರಿಯಾಗಿ, ಹಳದಿ, ನೆಟ್ಟಗೆ ಎಳೆದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ಬೆಳಗಾದರೆ ಗಾಜಿನ ಚೌಕಿ ನಗರದವರ ನೆಲದಲ್ಲಿತ್ತು! ಮೀಸೆ ಇನ್ಸ್‌ಪೆಕ್ಟರಿಗೆ ಹಾಲು ಕುಡಿದಷ್ಟು ಸಂತೋಷ. ಇಸ್ತ್ರಿ ಸಾಹೇಬನ ಜೀಪಿನ ಚಕ್ರಕ್ಕೆ ಬೀಗ ಜಡಿಸಿದ, ಚೌಕಿಗೆ ಅಕ್ರಮ ಕಟ್ಟಡ ಅಂತ ಚೀಟಿ ಅಂಟಿಸಿದ. ಚೌಕಿಯ ಕರೆಂಟು ಎಳೆದದ್ದು ನಮ್ಮ ತಂತಿಯಿಂದ ಅಂತ ರೈಲ್ವೆಯವರೂ ಮೂಗು ತೂರಿಸಿದರು. ವಾರದೊಳಗೆ ಸಭಾ ಪೊಲೀಸಿನ ದೊಡ್ಡ ಸಾಹೇಬರೇ ರಸ್ತೆಗೆ ಇಳಿಯಬೇಕಾಯಿತು. ಗಾಡಿ ಸಮೇತ ನನ್ನನ್ನೂ ಕರೆಸಿದರು. ನಾನು ಅಮ್ಮನನ್ನು ಕರೆದುಕೊಂಡು ಹೋಗಿ ಬಸ್ ಸ್ಟಾಪಿನಲ್ಲಿ ಕೂರಿಸಿದೆ.

ದೊಡ್ಡ ಸಾಹೇಬರು ಕೆಂಡವಾಗಿದ್ದರು. "ಯಾರೇ ಹೇಳಿದ್ದು ಅಲ್ಲಿ ಎಳೆಯೋಕೆ?"

"ಇವರೇ ಸಾರ್. ಹೋದ ವರ್ಷ, ಎಲ್ಲರ ಮುಂದೆ."

ಇಸ್ತ್ರಿ ಸಾಹೇಬ ನನ್ನನ್ನು ಗುರುತು ಹಿಡಿದ. ಅವನ ಮುಖದ ಬಣ್ಣ ಇಳಿದದ್ದನ್ನು ಕಣ್ತುಂಬ ನೋಡಿದೆ.

"ಹೌದೇನಯ್ಯಾ?" ದೊಡ್ಡ ಸಾಹೇಬರು ಅವನ ಕಡೆ ತಿರುಗಿದರು. "ಒಂದಡಿ ನೆಲ ನಗರದವರಿಗೆ ಹೋದ್ರೂ ನಿನ್ನ ಟೋಪಿ ಹೋಗುತ್ತೆ. ಗೆರೆ ಎಲ್ಲಿತ್ತು, ಬಾಯಿ ಬಿಡು."

"ಬಸ್ ಸ್ಟಾಪ್ ಹತ್ರ ಸಾರ್," ಅಂದ ನೆಲ ನೋಡುತ್ತ.

"ಜೋರಾಗಿ ಹೇಳಿ ಸಾರ್, ಗಾಡಿ ಸದ್ದಿಗೆ ಕೇಳಿಸ್ತಿಲ್ಲ," ಅಂದೆ. ಗಾಡಿ ಶುರುವೇ ಮಾಡಿರಲಿಲ್ಲ.

"ಬಸ್ ಸ್ಟಾಪ್ ಹತ್ರ!"

"ಹಾಗಾದ್ರೆ ಲೈಟ್ ಕಂಬ?" ನಾನೇ ಕೇಳಿದೆ.

"ನಮ್ಮದು."

"ಹೋದ ವರ್ಷಾನೂ?"

ಅವನು ಟೋಪಿ ಸರಿಮಾಡಿಕೊಂಡ. ದೊಡ್ಡ ಸಾಹೇಬರಿಗೆ ತಾಳ್ಮೆ ಇರಲಿಲ್ಲ. "ಹೋದ ವರ್ಷಾನೂ ಅನ್ನಯ್ಯಾ!"

"ಹೋದ ವರ್ಷಾನೂ."

"ಅಲ್ಲಿಗೆ ನನ್ನ ತಮ್ಮ ಸತ್ತಿದ್ದು ನಿಮ್ಮ ಕಡೆ," ಅಂದೆ. "ನೀವು ಸೆಲ್ಯೂಟ್ ಹೊಡೆದ ಕಾರಿಗೆ ಸಿಕ್ಕಿ ಸತ್ತ. ಎತ್ತೋಕೆ ಬಂದವರಿಗೆ ಕೋಲು ಅಡ್ಡ ಹಿಡಿದವರು ನೀವು."

ಮೀಸೆ ಇನ್ಸ್‌ಪೆಕ್ಟರ್ ಉಬ್ಬಿಹೋದ. "ಅವತ್ತು ನಾನೂ ಇದನ್ನೇ ಹೇಳಿದ್ದೆ, ಕೇಳಲಿಲ್ಲ!"

"ಹೇಳಿದ್ರಿ. ಎತ್ತಲಿಲ್ಲ." ಅವನ ಮೀಸೆ ಜೋತುಬಿತ್ತು.

ಬಸ್ಸಿಗೆ ನಿಂತವರೆಲ್ಲ ಸುತ್ತ ಸೇರಿದ್ದರು. ನೆಲ ಬೇಕೆಂದರೆ ಕೇಸೂ ತಗೋಬೇಕು, ದೊಡ್ಡ ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಅಲ್ಲೇ ಕೇಸು ಬರೆಸಿದರು, ಮೊದಲು ಕರಿ ಕಾರಿನ ಮೇಲೆ, ಆಮೇಲೆ ಇಸ್ತ್ರಿ ಸಾಹೇಬನ ಮೇಲೆ. ಅವನ ಟೋಪಿಯನ್ನೂ ಬಿಚ್ಚಿಸಿದರು. ಅಮ್ಮ ಎದ್ದು ಬಂದು, "ಯಾರ ಕಡೆಯಂತೆ?" ಅಂದಳು. "ಅವರ ಕಡೆಯೇ ಅಮ್ಮ," ಅಂದೆ. ತಲೆಯಾಡಿಸಿ ನಡೆದುಹೋಗಿ, ಕಂಬಕ್ಕೆ ಒರಗಿ ನಿಂತಳು.

ಆಮೇಲೆ ಬಸ್ ಸ್ಟಾಪಿನ ಹತ್ತಿರ ಹೊಸ ಗೆರೆ ಎಳೆದೆ. ಬೇಕಂತಲೇ ದಪ್ಪಗೆ, ಈ ಅಂಚಿನಿಂದ ಆ ಅಂಚಿನವರೆಗೆ. ಇಸ್ತ್ರಿ ಸಾಹೇಬ ಉಳಿದದ್ದು ಈಚೆ, ಅವನ ಚೌಕಿ ಆಚೆ. ನೆತ್ತಿ ಸುಡುವ ಬಿಸಿಲು, ತಲೆಯ ಮೇಲೆ ಟೋಪಿಯೂ ಇಲ್ಲ. ನೆರಳಿಗೆ ಹೋಗಲು ಕಾಲೆತ್ತಿದ.

ನಾನು ಗಾಡಿ ಅಡ್ಡ ಇಟ್ಟೆ. "ಒಣಗೋವರೆಗೂ ಯಾರೂ ಮುಟ್ಟಬಾರದು ಸಾರ್."

ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಕುಳಿತೆ. ನನಗೇನೂ ಅವಸರವಿರಲಿಲ್ಲ.