ಫ್ರೀಜರಿನಲ್ಲಿ ಉಕ್ಕಿನ ಬಳೆ

ನನ್ನ ಗಂಡ ಲೋವೆಲ್ ಆ ಚಳಿಗಾಲವಿಡೀ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ. ಗ್ಯಾರೇಜಿನಲ್ಲಿ ಧೂಳಂತೆ. ಟರ್ಕಿ ಕೋಳಿ ಬೇಯಿಸುವ ತಟ್ಟೆಯಲ್ಲಿ ಕ್ಲಚ್ ಪ್ಲೇಟುಗಳು ಕೆಂಪೆಣ್ಣೆ ಕುಡಿಯುತ್ತ ಮಲಗಿದ್ದವು. ಬಟಾಣಿ ಗಾತ್ರದ ಉಕ್ಕಿನ ಗುಂಡುಗಳು ಉರುಳಿಹೋಗದಂತೆ ಅಂಟಿಸಲು ನನ್ನ ವ್ಯಾಸಲೀನ್ ಡಬ್ಬಿ ಖಾಲಿಯಾಯಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ಇಂಥದ್ದಕ್ಕೆಲ್ಲ ಬಾಯಿ ಹಾಕುವುದಿಲ್ಲ. ನಾನು ಬಾಯಿ ಹಾಕಿದ್ದು ಒಂದೇ ವಿಷಯಕ್ಕೆ.

"ಆ ಬಳೆ ಬದಲಾಯಿಸದೆ ಈ ಕಾರು ರೇಸಿಗೆ ಹೋಗಕೂಡದು."

"ಬದಲಾಯಿಸ್ತೀನಿ ಅರ್ಲೀನ್," ಎಂದ.

ಎಪ್ಪತ್ತನೇ ಇಸವಿಯ ಕಿತ್ತಳೆ ಬಣ್ಣದ ಕಾರು ಅದು. ಎಂಜಿನ್ನಿಗೆ ಏಳುನೂರು ಕುದುರೆಗಳ ಶಕ್ತಿ ತುಂಬಿದ್ದ. ಗೇರ್‌ಬಾಕ್ಸ್ ಹುಟ್ಟಿದ್ದು ಅದರ ಅರ್ಧಕ್ಕೆ. ಅದರ ಹಿಂಭಾಗದಲ್ಲೊಂದು ಉಕ್ಕಿನ ಬಳೆಯಿದೆ, ಒಳಗಿನ ಚಕ್ರವನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವಂಥದ್ದು. ಮೊದಲ ಗೇರಿನಲ್ಲಿ ಅದು ಕೈಕೊಟ್ಟರೆ ಗೇರ್‌ಬಾಕ್ಸಿನ ಮುಂಭಾಗದ ಉಕ್ಕಿನ ಡ್ರಮ್ ಎಂಜಿನ್ನಿಗಿಂತ ಎರಡು ಪಟ್ಟು ವೇಗದಲ್ಲಿ ಸುತ್ತಿ ಬಾಂಬಿನಂತೆ ಸಿಡಿಯುತ್ತದೆ. ಡ್ರಮ್ ಇರುವುದು ಓಡಿಸುವವನ ಪಾದದ ಪಕ್ಕದಲ್ಲಿ. ಇದನ್ನು ನಾನು ಓದಿ ತಿಳಿದದ್ದಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ತಮ್ಮ ವೆಂಡಲ್‌ನ ಬಲಪಾದದ ಅರ್ಧ ಹೀಗೇ ಹೋಯಿತು. ಬೂಟನ್ನು ಎತ್ತಿ ತಂದವಳು ನಾನು.

ಹೊಸ ಬಳೆ ಬಂತು. ಚಳಿಗೆ ಕುಗ್ಗಿದರೆ ಸಲೀಸಾಗಿ ಕೂರುತ್ತದೆಂದು ಅದನ್ನು ಫ್ರೀಜರಿಗೆ ಹಾಕಿದ. ಕೂರಿಸಿದ ಮೇಲೆ ಗೇರ್‌ಬಾಕ್ಸಿನ ಹೊರಕವಚಕ್ಕೆ, ಅಂದರೆ ಕೇಸಿಗೆ, ತೂತು ಕೊರೆದು ಬೋಲ್ಟು ಬಿಗಿಯಬೇಕು. ಒಂದು ವಾರದ ನಂತರ ಕೇಳಿದೆ.

"ಆಯ್ತು," ಎಂದ. ಅವನ ಮುಖ ಸಿಂಕಿನ ಕಡೆಗಿತ್ತು.

ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆಯೇ ಕಾರನ್ನು ಟ್ರೇಲರಿಗೆ ಏರಿಸಿಕೊಂಡು ಹೋದ. ನಾನು ಸ್ಯಾಂಡ್‌ವಿಚ್ ಕಟ್ಟಿಕೊಂಡು ಆಮೇಲೆ ಹೋಗುವುದೆಂದಾಗಿತ್ತು. ಐಸ್ ತೆಗೆಯಲು ಫ್ರೀಜರಿಗೆ ಕೈಹಾಕಿದಾಗ ಜಿಂಕೆ ಮಾಂಸದ ಕೆಳಗೆ ಬೆಳ್ಳಿ ಕಾಗದದ ಪೊಟ್ಟಣವೊಂದು ಸಿಕ್ಕಿತು. ಮಾಂಸಕ್ಕಿಂತ ಭಾರ, ನಡುವೆ ತೂತು.

ಕಾಗದ ಬಿಚ್ಚಲಿಲ್ಲ. ಅಂಗೈ ಉರಿಯುವಷ್ಟು ಹೊತ್ತು ಹಿಡಿದು ನಿಂತಿದ್ದೆ.

ಕಾಲು ಮೈಲಿಯ ನೇರ ರೇಸ್ ಟ್ರ್ಯಾಕಿಗೆ ಮನೆಯಿಂದ ಹನ್ನೊಂದು ಮೈಲಿ. ಎರಡೂ ಕಡೆ ಜೋಳ ಬಿತ್ತಿದ ಹೊಲ. ಆ ದಾರಿಯಲ್ಲಿ ನನಗೆ ಕಂಡದ್ದು ಬೂಟೊಂದೇ. ಹಾಳಾದವನು ಸಾಯಲಿ ಎಂದು ಒಂದು ಮೈಲಿ ಬೈದೆ, ಸಾಯದಿರಲಿ ಎಂದು ಮುಂದಿನ ಮೈಲಿ ಬೇಡಿಕೊಂಡೆ. ಬಾಗಿಲಲ್ಲಿ ಟಿಕೆಟಿನ ಹೆಂಗಸು ಚಿಲ್ಲರೆ ಹುಡುಕುತ್ತಿದ್ದಾಗ ಒಳಗೆ ಎಂಜಿನ್ನೊಂದು ಗುಡುಗಿತು. ಆ ದನಿ ನನಗೆ ಗೊತ್ತು. ಚಿಲ್ಲರೆ ಬಿಟ್ಟು ಓಡಿದೆ.

ಟೈರನ್ನು ನಿಂತಲ್ಲೇ ತಿರುಗಿಸಿ, ಸುಡಿಸಿ ಬಿಸಿ ಮಾಡಲು ಟ್ರ್ಯಾಕಿನ ತಲೆಯಲ್ಲಿ ನೀರು ಚೆಲ್ಲಿರುತ್ತಾರೆ. ಕಾರುಗಳನ್ನು ಒಂದೊಂದಾಗಿ ಅದಕ್ಕೆ ಬಿಡುವ ಕೆಲಸ ವೆಂಡಲ್‌ನದು. ಮುಂದಿನ ಸರದಿ ಕಿತ್ತಳೆ ಕಾರಿನದು. ಹನ್ನೊಂದು ವರ್ಷದ ಹಿಂದಿನ ಅದೇ ಮೊದಲ ಗೇರು, ಅದೇ ನೀರು.

ಪೊಟ್ಟಣವನ್ನು ವೆಂಡಲ್‌ನ ಕೈಗಿಟ್ಟೆ. ಅವನು ಕಾಗದ ಸರಿಸಿ ನೋಡಿದ.

"ಇದು ಯಾರದು?"

"ಲೋವೆಲ್‌ದು."

"ಹಾಗಾದ್ರೆ ಒಳಗಿರೋದು?"

"ಹಳೇದು."

ವೆಂಡಲ್ ಪೊಟ್ಟಣವನ್ನು ನನ್ನ ಕೈಗೆ ವಾಪಸ್ ಕೊಟ್ಟ. ಕುಂಟುತ್ತ ಹೋಗಿ ಕಾರಿನ ಎದುರು ನಿಂತು, ಕುತ್ತಿಗೆಗೆ ಅಡ್ಡ ಕೈಯೆಳೆದ. ಎಂಜಿನ್ ನಿಲ್ಲಿಸು ಎಂದು ಸನ್ನೆ. ಒಂದು ಕ್ಷಣ ಅದು ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಏನಾಯ್ತೋ? ಎಣ್ಣೆ ಸೋರ್ತಿದೆಯಾ?" ಲೋವೆಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಬಳೆ ತೆಗೆದು ಅವನ ತೊಡೆಯ ಮೇಲಿಟ್ಟೆ. ಅದರ ತಣುಪಿಗೆ ಬೆಚ್ಚಿದ.

"ಕೇಸಿಗೆ ತೂತು ಕೊರೀಬೇಕಿತ್ತು ಅರ್ಲೀನ್."

"ಕೊರೀಬೇಕಿತ್ತು."

"ಆ ಕೇಸಿನ ಮೇಲೆ ನಂಬರಿದೆ. ಕಾರಿನದೇ ನಂಬರು. ಕಾರ್ಖಾನೆಯಿಂದ ಜೋಡಿಯಾಗಿ ಬಂದದ್ದು. ಇನ್ನೂ ಜೋಡಿಯಾಗಿರೋವು ಎಷ್ಟಿವೆ ಗೊತ್ತಾ? ಅದಕ್ಕೆ ಡ್ರಿಲ್ ಇಡೋಕೆ ಕೈ ಬರಲಿಲ್ಲ."

ವೆಂಡಲ್ ತನ್ನ ಬೂಟುಗಳನ್ನು ನೋಡಿಕೊಂಡ. "ನನ್ನವೂ ಜೋಡಿಯಾಗೇ ಬಂದಿದ್ದವು ಕಣೋ."

"ಎರಡನೇ ಗೇರಲ್ಲಿ ಟೈರ್ ಸುಡಿಸ್ತೀನಿ ಅಂತಿದ್ದೆ. ಎರಡನೇದ್ರಲ್ಲಿ ಏನೂ ಆಗಲ್ಲ."

"ಆವತ್ತು ನಾನೂ ಎರಡನೇದ್ರಲ್ಲೇ ಇದ್ದೀನಿ ಅಂದ್ಕೊಂಡಿದ್ದೆ," ಎಂದ ವೆಂಡಲ್.

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಲೋವೆಲ್ ಬಾಗಿ ಗೇರಿನ ಹಿಡಿಯನ್ನು ನೋಡಿದ. ಅದು ಮೊದಲನೆಯದರಲ್ಲಿತ್ತು. ಅವನ ತುಟಿಯ ಬಣ್ಣ ಹೋದದ್ದು ಆಗ. ನಾವು ಮೂವರೂ ಸೇರಿ ಕಾರನ್ನು ಸಾಲಿನಿಂದ ಆಚೆಗೆ ತಳ್ಳಿದೆವು.

ಮರುದಿನ ಚರ್ಚಿನಿಂದ ಬಂದವರೇ ಗೇರ್‌ಬಾಕ್ಸ್ ಇಳಿಸಿದೆವು. ಬಳೆ ಕೂರಿಸಿದ ಮೇಲೆ ಲೋವೆಲ್ ಡ್ರಿಲ್ ಹಿಡಿದು ಹತ್ತು ನಿಮಿಷ ನಿಂತ. ವೆಂಡಲ್ ಟಾರ್ಚ್ ಹಿಡಿದಿದ್ದ, ಕಾಲಲ್ಲಿ ಬೂಟಿರಲಿಲ್ಲ. ಸೆಕೆಗೆ ತೆಗೆದದ್ದು ಎಂದ. ಲೋವೆಲ್ ಒಮ್ಮೆ ಕೆಳಗೆ ನೋಡಿ ಕೊರೆಯತೊಡಗಿದ. ನಂಬರು ಇದ್ದದ್ದು ಎರಡು ಗೇಣು ಆಚೆ. ಅದಕ್ಕೆ ಏನೂ ಆಗಲಿಲ್ಲ.

ಮೂರು ವಾರದ ಮೇಲೆ ಕಾರು ಕೊನೆಗೂ ನೀರಿಗಿಳಿಯಿತು. ನಾನು ಬೇಲಿಯ ಹಿಂದೆ ಮಡಚುವ ಕುರ್ಚಿಯಲ್ಲಿದ್ದೆ. ಟೈರಿನ ಹೊಗೆ ನನ್ನವರೆಗೂ ಬಂತು. ಕಾಲು ಮೈಲಿಯನ್ನು ಕಾರು ಹನ್ನೊಂದು ಸೆಕೆಂಡಿನೊಳಗೆ ದಾಟಿತಂತೆ. ಹೊಗೆ ಕರಗಿದ ಮೇಲೆ ನೋಡಿಕೊಂಡೆ: ನನ್ನ ಎರಡೂ ಪಾದಗಳು ನೆಲ ಬಿಟ್ಟು ಕುರ್ಚಿಯ ಮೇಲಿದ್ದವು. ಆಚೆ ಬದಿಯಲ್ಲಿ ವೆಂಡಲ್ ಮುಂದಿನ ಕಾರಿಗೆ ಕೈಬೀಸುತ್ತಿದ್ದ.