ಮೂರನೆಯ ಆಕ್ಷೇಪಣೆ

ಚಕ್ರಪಾಣಿ ಮೇಷ್ಟ್ರ ದೇಹವನ್ನು ಚಟ್ಟಕ್ಕೆ ಬಿಗಿಯುತ್ತಿದ್ದ ಹೊತ್ತಿನಲ್ಲೇ, ಗೇಟಿನ ಬಳಿ ನಿಂತಿದ್ದ ನಂಜನಗೂಡಿನ ವಿಚಾರ ಬಳಗವು ನಾಡಿನ ಬೌದ್ಧಿಕ ಭವಿಷ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡಿತ್ತು: ಸತ್ತವರನ್ನು ಹೊಗಳಬಹುದೇ?

ಬಳಗ ಕಟ್ಟಿದವರು ಮೇಷ್ಟ್ರೇ. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದ ಅವರು ವಿಮರ್ಶಾತ್ಮಕ ವಿಚಾರವಾದವನ್ನು ನಂಬಿದ್ದರು ಎನ್ನುವಂತಿಲ್ಲ. ನಂಬಿ ಕೂರುವುದನ್ನೇ ಅದು ಒಪ್ಪುವುದಿಲ್ಲ. ಯಾವ ಸಿದ್ಧಾಂತವನ್ನೂ ನಿಜವೆಂದು ಸಾಧಿಸಲಾಗದು, ಸುಳ್ಳೆಂದು ತೋರಿಸಬಹುದು, ಆದ್ದರಿಂದ ತಪ್ಪು ಹುಡುಕಿ ಎನ್ನುತ್ತಿದ್ದರು. ಬಳಗದಲ್ಲಿ ಒಬ್ಬರು ಮಾತಾಡಿದರೆ ಮಿಕ್ಕವರು ಆಕ್ಷೇಪಿಸಬೇಕು. ‘ಚೆನ್ನಾಗಿತ್ತು’ ಎಂದವರು ಎಲ್ಲರಿಗೂ ಕಾಫಿ ಕೊಡಿಸಬೇಕು.

“ಎರಡು ಒಳ್ಳೇ ಮಾತಾಡಿದ್ರೆ ನಮ್ಮ ಗಂಟೇನು ಹೋಗುತ್ತೆ?” ಎಂದ ಟೈಲರ್ ಪುಟ್ಟಸ್ವಾಮಿ.

“ಕಾಫಿ ನೀನು ಕೊಡಿಸ್ತೀಯಾ?” ಎಂದ ಇನ್ನೊಬ್ಬ ಸದಸ್ಯ.

“ಸಾವಿನ ಮನೇಲಿ ಕಾಫಿ ಮಾತೇನ್ಲಾ?”

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಲಕ್ಷ್ಮೀದೇವಮ್ಮ ಚನ್ನಯ್ಯನನ್ನು ಒಳಗೆ ಕರೆದರು. ಹೆಡತಲೆ ಎಂಬ ಊರಿನ ಚನ್ನಯ್ಯ ಮೇಷ್ಟ್ರ ಶಿಷ್ಯ, ಈಗ ತಿ. ನರಸೀಪುರದ ಕಾಲೇಜೊಂದರಲ್ಲಿ ಅವನೇ ಮೇಷ್ಟ್ರು.

“ಬೆಳಿಗ್ಗೆಯಿಂದ ಬಂದೋರೆಲ್ಲ ‘ವಾದ ಮಾಡ್ತಿದ್ರು, ವಾದ ಮಾಡ್ತಿದ್ರು’ ಅಂತಾನೇ ಅಂತಿದಾರೆ ಕಣಪ್ಪ. ಇವರನ್ನ ಎತ್ತೋಕೆ ಮುಂಚೆ ಒಬ್ಬರ ಬಾಯಲ್ಲಾದ್ರೂ ಒಂದು ಒಳ್ಳೇ ಮಾತು ಕೇಳಬೇಕು ನಾನು. ನೀನು ಹೇಳು.”

ಚನ್ನಯ್ಯ ಮೇಷ್ಟ್ರ ಮುಖ ನೋಡಿದ. ಅವರ ಎದುರೇ ಅವರ ನಿಯಮ ಮುರಿಯುವುದು ಹೇಗೆ? ಮುರಿಯದಿದ್ದರೆ ಈ ಅಮ್ಮನಿಗೆ ಏನು ಹೇಳುವುದು?

“ಅವನೇನು ಹೇಳ್ತಾನೆ ಅತ್ತಿಗೆ?” ಎಂದ ಮೇಷ್ಟ್ರ ತಮ್ಮ ರಘೂತ್ತಮ. ಪೌರೋಹಿತ್ಯದವನು, ಮಕ್ಕಳಿಲ್ಲದ ಅಣ್ಣನಿಗೆ ಬೆಂಕಿ ಇಡಬೇಕಾದವನೂ ಅವನೇ. “ನಮ್ಮಣ್ಣ ಊರೋರ ತಪ್ಪೆಲ್ಲ ಹುಡುಕಿದ. ಹುಟ್ಟಿದಾಗಿಂದ ಒಂದೇ ಒಂದು ಸಲವೂ ‘ನನ್ನದು ತಪ್ಪು’ ಅಂದೋನಲ್ಲ.”

ಚನ್ನಯ್ಯನ ಮುಖ ತಿಳಿಯಾಯಿತು.

“ಆಕ್ಷೇಪಣೆ ಇದೆ,” ಎಂದ.

*

ತೊಂಬತ್ತೈದನೇ ಇಸವಿಯಲ್ಲಿ ಚನ್ನಯ್ಯ ಬಳಗದಲ್ಲಿ ಮೊದಲ ಪ್ರಬಂಧ ಓದಿದ್ದ. ಏನಾದರೂ ಪಂಚಾಂಗ ಹೇಳುವ ಫಲ ನಿಜವೆನಿಸುತ್ತದೆ, ಏನೂ ಆಗದಿದ್ದರೂ ನಿಜವೆನಿಸುತ್ತದೆ. ಸೋಲಲಾರದ್ದು ವಿಜ್ಞಾನವಲ್ಲ ಎಂಬುದು ಅವನ ವಾದ. ಅದುವರೆಗೆ ಅವನು ಏನು ಬರೆದರೂ ಕಲಿಸುವವರು ‘ನಿಮ್ಮವರಲ್ಲಿ ಇಷ್ಟು ಬರೆಯೋದೇ ದೊಡ್ಡದು’ ಎಂದು ಬೆನ್ನು ತಟ್ಟುತ್ತಿದ್ದರು. ಚಕ್ರಪಾಣಿ ತಟ್ಟಲಿಲ್ಲ. ಮೂರು ಆಕ್ಷೇಪಣೆ ಎತ್ತಿದರು. ಮೂರನೆಯದು: ಪಂಚಾಂಗ ಗ್ರಹಣದ ಹೊತ್ತು ಹೇಳುತ್ತದೆ, ಅದು ತಪ್ಪಾಗಬಹುದು, ಅಂದರೆ ಪಂಚಾಂಗವೂ ಸೋಲಬಲ್ಲದು, ಹಾಗಾಗಿ ಅದನ್ನು ತಳ್ಳಿಹಾಕುವಂತಿಲ್ಲ. ತನ್ನ ಬರಹದ ಜೊತೆ ಒಬ್ಬರು ಹೀಗೆ ಗುದ್ದಾಡಿದ್ದು ಚನ್ನಯ್ಯನಿಗೆ ಅದೇ ಮೊದಲು. ಊರಿಗೆ ಹೋಗುವ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದ.

ಆ ಭಾನುವಾರ ಮೇಷ್ಟ್ರು ಹೆಡತಲೆಯಲ್ಲಿ ಬಸ್ಸಿಳಿದು, ದಾರಿ ಕೇಳಿಕೊಂಡು ಚನ್ನಯ್ಯನ ಕೇರಿಗೆ ಬಂದರು. ಪುರೋಹಿತರ ಮನೆತನದವರು ಆ ಕೇರಿಯಲ್ಲಿ ಮನೆ ಹುಡುಕಿದ್ದನ್ನು ಯಾರೂ ಕಂಡಿರಲಿಲ್ಲ. ಚನ್ನಯ್ಯನ ತಾಯಿ ಚಲುವಮ್ಮ ಪಕ್ಕದ ಮನೆಯಿಂದ ಕುರ್ಚಿ ತಂದಳು.

“ಮೂರನೇ ಆಕ್ಷೇಪಣೆ ನನ್ನ ತಪ್ಪು ಕಣಯ್ಯ. ಗ್ರಹಣ ಗಣಿತದ ವಿಷಯ. ನೀನು ಬರೆದದ್ದು ಫಲದ ಮೇಲೆ. ಸರಿಯಾಗಿ ಕೇಳಿಸಿಕೊಳ್ಳದೆ ಆಕ್ಷೇಪಿಸಿದೆ. ವಾಪಸ್ ತಗೊಂಡಿದೀನಿ. ಮೊದಲೆರಡು ಹಾಗೇ ಇವೆ.”

“ಇಷ್ಟು ಏಳಕ್ಕೆ ಬಸ್ ಅತ್ಕಂಡು ಬಂದ್ರಾ ಸಾ?” ಎಂದಳು ಚಲುವಮ್ಮ.

“ಮುಂದಿನ ಸಭೆ ತನಕ ಇವನು ನನ್ನ ತಪ್ಪನ್ನೇ ಸರಿ ಅಂದ್ಕೊಂಡಿರ್ತಾನಲ್ಲಮ್ಮ.”

ಅವಳು ಕೊಟ್ಟ ಟೀಗೆ ಸಕ್ಕರೆ ಜಾಸ್ತಿಯಾಯಿತೆಂದು ಆಕ್ಷೇಪಿಸಿದರು. ಇನ್ನೊಂದು ಲೋಟ ಕೇಳಿ ಕುಡಿದರು.

*

ಟೀ ಲೋಟವನ್ನೂ ಬಿಡದೆ ಚನ್ನಯ್ಯ ಎಲ್ಲವನ್ನೂ ಹೇಳಿದ.

“ಇದು ಹೊಗಳಿಕೆಯಲ್ಲ ಸ್ವಾಮಿ. ನಿಮ್ಮ ಮಾತಿಗೆ ವಿರುದ್ಧವಾದ ಒಂದು ಉದಾಹರಣೆ.”

ಗೇಟಿನಲ್ಲಿದ್ದ ಬಳಗ ತಲೆದೂಗಿತು. ಕಾಫಿಯ ಖರ್ಚು ಯಾರ ತಲೆಗೂ ಬರುವಂತಿರಲಿಲ್ಲ.

“ಆ ಭಾನುವಾರ ಊಟಕ್ಕೆ ಬರಲಿಲ್ಲ ಅಂತ ಜಗಳ ಆಡಿದ್ದೆ,” ಎಂದರು ಲಕ್ಷ್ಮೀದೇವಮ್ಮ. “ಎಲ್ಲಿಗೆ ಹೋಗಿದ್ರು ಅಂತ ಕೇಳಲೇ ಇಲ್ಲ.”

“ಎಲ್ಲೋ ಒಂದು ಸಲ ಅಂದಿರಬಹುದು,” ಎಂದ ರಘೂತ್ತಮ.

“ಒಂದು ಸಲವೂ ಇಲ್ಲ ಅಂದೆಯಲ್ಲ ರಘು. ಒಂದು ಸಾಕು.” ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನು ಎತ್ತಿ,” ಎಂದರು.

ರಘೂತ್ತಮ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಬೀದಿ ತಿರುಗಿದ ಮೇಲೆ ಚನ್ನಯ್ಯನನ್ನು ಪಕ್ಕಕ್ಕೆ ಕರೆದ.

“ಪಂಚಾಂಗ ತಳ್ಳಿಹಾಕೋ ಹಾಗಿಲ್ಲ ಅಂತ ಅಣ್ಣ ಅಂದಿದ್ನಾ?”

“ಮೊದಲು ಅಂದಿದ್ರು. ಆಮೇಲೆ ವಾಪಸ್ ತಗೊಂಡ್ರು.”

“ಯಾಕೆ ತಗೋಬೇಕಿತ್ತು?”

ಚನ್ನಯ್ಯ ವಿವರಿಸಿದ. ರಘೂತ್ತಮ ಒಪ್ಪಲಿಲ್ಲ. ಹಿಂದಿದ್ದ ಬಳಗ ಒಬ್ಬೊಬ್ಬರಾಗಿ ಮುಂದೆ ಬಂತು. ವಾದ ಬಿಸಿಯಾದಾಗಲೆಲ್ಲ ರಘೂತ್ತಮ ಮಡಕೆ ಹಿಡಿದು ನಿಂತುಬಿಡುತ್ತಿದ್ದ. ಅವನು ನಿಂತಾಗಲೆಲ್ಲ ಚಟ್ಟವೂ ನಿಲ್ಲುತ್ತಿತ್ತು.

ಕಪಿಲೆಯ ದಡ ಮುಟ್ಟುವ ಹೊತ್ತಿಗೆ, ಅಣ್ಣ ಮೊದಲು ಹೇಳಿದ್ದೇ ಸರಿ, ವಾಪಸ್ ತೆಗೆದುಕೊಂಡದ್ದು ತಪ್ಪು ಎಂದು ರಘೂತ್ತಮ ತೀರ್ಮಾನಿಸಿದ್ದ.