ಇಳಿಯದ ಹಲಗೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲಿ ಕಾಫಿ ಕೊಟ್ಟರೆ ನಿಂತೇ ಕುಡಿದು ಲೋಟ ಇಡುವ ಜಾತಿ ನಾನು. ಅಂಥವನ ತಲೆಗೆ ಅಕ್ಕ ಒಂದು ಗುಟ್ಟು ಕಟ್ಟಿದ್ದಳು. ಅವಳು ಕೆಲಸ ಮಾಡುವ ಆಸ್ಪತ್ರೆಯವರು ಬೇರೊಂದು ಊರಿನಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದ್ದರು. ಅಲ್ಲಿನ ಔಷಧಿ ಉಗ್ರಾಣ ನೋಡಿಕೊಳ್ಳಲು ಇವಳು ಒಪ್ಪಿಯಾಗಿತ್ತು. ಒಬ್ಬಳೇ ಹೋಗುವುದು, ಹೋದರೆ ತಿರುಗಿ ಬರುವುದಿಲ್ಲ ಎಂದು ನನಗೆ ಮಾತ್ರ ಹೇಳಿ, ಭಾವನ ಎದುರು ಬಾಯಿ ಬಿಡದಂತೆ ಆಣೆ ಮಾಡಿಸಿಕೊಂಡಿದ್ದಳು.

"ಜಗಳ ಆಯ್ತಾ?" ಎಂದೆ.

"ಜಗಳ ಆಡೋಕೂ ಮಾತು ಬೇಕಲ್ಲೋ," ಎಂದಳು.

ಅದೂ ನಿಜವೇ. ಭಾವನದು ಕನ್ನಡಕದ ಅಂಗಡಿ. ದಿನವಿಡೀ ಕಂಡಕಂಡವರಿಗೆಲ್ಲ 'ಈಗ ಕಾಣುತ್ತಾ, ಈಗ?' ಎಂದು ಕೇಳುವ ಮನುಷ್ಯ, ಮನೆಗೆ ಬಂದರೆ ಹೆಂಡತಿಯ ಮುಖವನ್ನು ಎತ್ತಿಯೂ ನೋಡುವುದಿಲ್ಲ. ಕೆಟ್ಟವರಲ್ಲ, ಬಾಯಿಗೆ ಬೀಗ, ಅಷ್ಟೇ. ಅಂಥವರು ಒಂದು ದಿನ ಯಾರನ್ನೂ ಕೇಳದೆ, ಯಾರದೋ ಹಳೆಯ ಹಾಯಿದೋಣಿಯನ್ನು ಕೊಂಡು, ಟ್ರೈಲರ್ ಸಮೇತ ಕಾರಿನ ಹಿಂದೆ ಎಳೆದು ತಂದು ಅಂಗಡಿಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿಬಿಟ್ಟರು. ಅಕ್ಕ ಅದಕ್ಕೊಂದು ಸುತ್ತು ಬಂದು ಕೆಲಸಕ್ಕೆ ಹೋದಳು.

ನನಗೆ ಹೊಳೆದದ್ದು ಇಷ್ಟು: ದೋಣಿಯನ್ನು ಬೇಗ ಸರಿಮಾಡಿ, ಇಬ್ಬರನ್ನೂ ಅದರಲ್ಲಿ ಕೂರಿಸಿ, ಕೆರೆಯ ನಡುವಿಗೆ ತಳ್ಳಿಬಿಡಬೇಕು. ಅಲ್ಲಿ ಟಿವಿ ಇಲ್ಲ, ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲ. ಮಾತಾಡದೆ ಏನು ಮಾಡುತ್ತಾರೆ? ಅಕ್ಕ ಹೊರಡುವ ಮೊದಲು ಇದೊಂದು ಆಗಿಹೋಗಬೇಕಿತ್ತು.

ದೋಣಿಗೆ ಎರಡು ರೋಗ. ಅದರ ಹೊಟ್ಟೆಯ ನಡುವೆ ಒಂದು ಕಿರಿದಾದ ಉದ್ದನೆಯ ಪೆಟ್ಟಿಗೆ, ಅದರೊಳಗೊಂದು ಹಲಗೆ. ಹಗ್ಗ ಸಡಿಲಿಸಿದರೆ ಹಲಗೆ ತಳದ ಸೀಳಿನಿಂದ ನೀರಿಗಿಳಿಯಬೇಕು. ಇಳಿಯದಿದ್ದರೆ ಗಾಳಿ ದೋಣಿಯನ್ನು ಪಕ್ಕಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ನಮ್ಮದು ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಹಲಗೆ ತಿರುಗುವ ಕೀಲಿನ ಬೋಲ್ಟಿನ ಹತ್ತಿರ ಸೋರಿಕೆ ಬೇರೆ. ದೋಣಿಯನ್ನು ಟ್ರೈಲರಿನಿಂದ ಮೇಲೆತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿ, ಅದರಡಿ ಅಂಗಾತ ಮಲಗಿದೆ.

ಸೋರಿಕೆಗೆ ನನಗೆ ಗೊತ್ತಿದ್ದ ಒಂದೇ ರಬ್ಬರು ಫ್ರಿಜ್ ಬಾಗಿಲಿನದು. ಅದನ್ನೇ ದುಂಡಗೆ ಕತ್ತರಿಸಿ ಬೋಲ್ಟಿನ ಎರಡೂ ಬದಿಗೆ ಕೊಟ್ಟು ಬಿಗಿದೆ. ಭಾವ ದೋಣಿಯೊಳಗೆ ಒಂದು ಬಕೆಟ್ ನೀರು ಸುರಿದರು. ಮೆತ್ತನೆಯ ರಬ್ಬರು ಹಿಂಡಿಕೊಂಡು ಹೊರಬಂತು. ನೀರು ನೇರವಾಗಿ ನನ್ನ ಮೂಗಿಗೆ ಬಂತು.

"ಇನ್ನು ದೋಣೀಲಿಟ್ಟ ಹಾಲು ಕೆಡಲ್ಲ ಬಿಡು," ಎಂದರು ಭಾವ. ಆಗಷ್ಟೇ ಊಟದ ಡಬ್ಬಿ ಹಿಡಿದು ಬಂದಿದ್ದ ಅಕ್ಕ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೆಳಗಿನ ಪಾಳಿ ಮುಗಿಸಿ ಅವಳು ದಿನವೂ ಊಟ ತರುತ್ತಿದ್ದಳು. ಬಕೆಟ್ಟುಗಳನ್ನು ಬೋರಲು ಹಾಕಿ ಅವರಿಬ್ಬರೂ ಕೂತು ಉಣ್ಣುವರು. ಭಾವ ಹಾಯಿಯ ಹರುಕು ತೋರಿಸಿ ಏನೋ ಹೇಳುವರು, ಇವಳು ಮತ್ತೇನೋ ಕೇಳುವಳು. ನಾನು ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಸ್ಪ್ಯಾನರ್ ಹಿಡಿದು ಅತ್ತಿಂದಿತ್ತ ಓಡಾಡುವೆ. ಆ ಊಟ ಮುಗಿಯುವ ಲಕ್ಷಣವೇ ಇರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಏಳಿ ಭಾವ, ಹೊತ್ತಾಯ್ತು."

"ತುತ್ತು ಗಂಟಲಿಂದ ಇಳೀಲಿ ಕಣೋ. ನಿನ್ನ ಹಿಂದೆ ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?"

ಅವರಿಗೇನು ಗೊತ್ತು. ನಾನು ಮತ್ತೆ ದೋಣಿಯಡಿ ತೂರಿಕೊಳ್ಳುತ್ತಿದ್ದೆ.

ಗಟ್ಟಿ ರಬ್ಬರಿನ ವಾಷರು ತಂದು ಹಾಕಿದ ಮೇಲೆ ಸೋರಿಕೆ ನಿಂತಿತು. ಪೆಟ್ಟಿಗೆಯೊಳಗಿನ ಕೆಸರು, ಚಿಪ್ಪು, ಪದರ ಪದರ ಬಣ್ಣ ಎಲ್ಲ ಕೆರೆದು ತೆಗೆದೆ. ಒಂದು ಮಧ್ಯಾಹ್ನ ಹಲಗೆ ಕೊನೆಗೂ ಇಳಿಯಿತು. ಮತ್ತೆ ಎತ್ತಿ ಕಟ್ಟಿ, ಊಟ ಮುಗಿಸಿ ಕೈ ತೊಳೆದು ಬಂದು ಹಗ್ಗ ಬಿಟ್ಟರೆ ಮೊದಲಿನಂತೆಯೇ ಕಚ್ಚಿಕೊಂಡು ಕೂತಿತ್ತು. ಮರ ನೀರು ಕುಡಿದು ಉಬ್ಬಿದೆಯೆಂದುಕೊಂಡು, ಒಂದು ಕಬ್ಬಿಣದ ಪಟ್ಟಿಗೆ ಉಪ್ಪುಕಾಗದ ಸುತ್ತಿ ಸೀಳಿನೊಳಗೆ ತೂರಿಸಿ ಉಜ್ಜಿದೆ, ಉಜ್ಜಿದೆ, ಭುಜ ಕಳಚಿ ಬೀಳುವಂತೆ ಉಜ್ಜಿದೆ. ಅದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಅಕ್ಕ ಹೊರಡುವ ದಿನ ತಲೆಯ ಮೇಲೆ ಬಂದಿತ್ತು. ಪಿತ್ತ ನೆತ್ತಿಗೇರಿ ಸುತ್ತಿಗೆ ಎತ್ತಿದೆ.

"ಇಡು ಅದನ್ನ," ಎಂದರು ಭಾವ. "ಮೊದಲು ಒಳಗೆ ಏನಿದೆ ನೋಡೋಣ."

ಅಂಗಡಿಯಿಂದ ಪುಟ್ಟ ಕನ್ನಡಿ, ಟಾರ್ಚು, ಮೂತಿ ಚೂಪಾದ ಇಕ್ಕುಳ ತಂದು ನನ್ನ ಪಕ್ಕ ಮಲಗಿದರು. ನನ್ನ ತಾಳ್ಮೆಯೆಲ್ಲ ಸೋರಿಹೋಗುವಷ್ಟು ಹೊತ್ತು ಇಣುಕಿದರು. ಆಮೇಲೆ ಹಲಗೆಗೂ ಪೆಟ್ಟಿಗೆಯ ಗೋಡೆಗೂ ನಡುವಿನಿಂದ ಏನನ್ನೋ ಮೆಲ್ಲಗೆ ಎಳೆದರು. ತುದಿ ದುಂಡಗಿರುವ ತೆಳು ಮರದ ಪಟ್ಟಿಗಳು, ಒಂದರ ಮೇಲೊಂದು ಸೇರಿಸಿ ತುರುಕಿದ್ದವು.

"ಐಸ್‌ಕ್ರೀಮ್ ಕಡ್ಡಿ," ಎಂದೆ. "ಯಾರದೋ ಕಿತಾಪತಿ."

ಭಾವ ತೋಳಿಗೆ ಒರೆಸಿ, ಕನ್ನಡಕ ಹಣೆಗೇರಿಸಿ ನೋಡಿದರು. "ಅಲ್ಲ. ಡಾಕ್ಟರು 'ಆ' ಅನ್ನಿಸಿ ನಾಲಿಗೆ ಒತ್ತೋ ಪಟ್ಟಿ ಇದು."

ಆಸ್ಪತ್ರೆಯ ಸಾಮಾನು ನಮ್ಮ ಅಂಗಳಕ್ಕೆ ತರಬಲ್ಲವರು ಒಬ್ಬರೇ. ಅವಳು ಆಗಲೇ ಗೇಟು ತೆಗೆಯುತ್ತಿದ್ದಳು.

"ಏನೇ ಇದು?" ಪಟ್ಟಿಗಳನ್ನು ಅವಳ ಮುಖದೆದುರು ಹಿಡಿದೆ. "ನಾನಿಲ್ಲಿ ನಿನಗೋಸ್ಕರ ಬೆನ್ನು ಮುರ್ಕೊಂಡು ಸಾಯ್ತಿದ್ರೆ, ನೀನು ಇದನ್ನ ತುರುಕ್ತಾ ಕೂತಿದ್ದೀಯಾ?"

ಅಕ್ಕ ಡಬ್ಬಿ ಕೆಳಗಿಟ್ಟಳು. ಸುಳ್ಳು ಹೇಳುವವಳಲ್ಲ ಅವಳು.

"ನೀವಿಬ್ಬರೂ ಕೈ ತೊಳೆಯೋಕೆ ಹೋದಾಗ ಇಟ್ಟೆ. ಈ ದೋಣಿ ಸರಿಹೋಗೋವರೆಗೆ ಇದ್ದು ಹೋಗೋಣ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ದಿನಾ ಇಲ್ಲಿ ಊಟ ಮಾಡ್ತಾ ಇವರು ಮಾತಾಡ್ತಿದ್ರು. ನೀನು ನೋಡಿದ್ರೆ ನನ್ನನ್ನ ಬಸ್ ಹತ್ತಿಸೋಕೆ ನಿಂತವನ ಹಾಗೆ ಅವಸರ ಮಾಡ್ತಿದ್ದೆ."

ಅವಳನ್ನು ಉಳಿಸಿಕೊಳ್ಳುವ ಕೆಲಸ ಅಂದುಕೊಂಡು, ಅಷ್ಟು ದಿನ ನಾನೇ ಅವಳನ್ನು ಸಾಗಹಾಕುತ್ತಿದ್ದೆ.

"ಎಲ್ಲಿಗೆ ಹೋಗೋದು?" ಎಂದರು ಭಾವ.

ಅಕ್ಕ ಹೇಳಿದಳು. ಊರು, ಕೆಲಸ, ಒಬ್ಬಳೇ ಹೋಗುವುದು, ಯಾವುದನ್ನೂ ಬಿಡದೆ ಹೇಳಿದಳು. ಭಾವ ಕೇಳಿಸಿಕೊಂಡರು. ಇನ್ನು ಎದ್ದು ಅಂಗಡಿಯೊಳಗೆ ಹೋಗುತ್ತಾರೆ, ಎಲ್ಲ ಮುಗಿಯಿತು ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವರು ದೋಣಿಯ ಹತ್ತಿರ ಹೋಗಿ ಹಗ್ಗ ಬಿಟ್ಟರು. ಹಲಗೆ ಎಲ್ಲೂ ತಡೆಯದೆ ಪೂರ್ತಿ ಇಳಿಯಿತು.

"ಇದು ಸರಿಯಾಗಿಲ್ಲ," ಎಂದರು.

"ಬೆಣ್ಣೆ ಥರ ಇಳೀತಲ್ಲ ಭಾವ."

"ನೀನು ಬಾಯಿ ಮುಚ್ಚು." ನನಗೆ ಅವರು ಎಂದೂ ಹಾಗೆ ಅಂದವರಲ್ಲ. ಅಕ್ಕನ ಕಡೆ ತಿರುಗಿದರು. "ಹಲಗೆ ಪೂರ್ತಿ ಬಿಚ್ಚಿ ಹೊಸದು ಮಾಡ್ಬೇಕು. ನನಗೊಬ್ಬನಿಗೆ ಆಗಲ್ಲ."

"ಹಲಗೆ ವಿಷಯ ಬಿಡ್ರೀ. ನನಗೆ ಹೇಳೋದು ಏನಾದ್ರೂ ಇದ್ರೆ ಹೇಳಿ."

ಭಾವ ಹಣೆಯ ಮೇಲಿದ್ದ ಕನ್ನಡಕ ಕಣ್ಣಿಗಿಳಿಸಿ ಅವಳ ಮುಖ ನೋಡಿದರು. "ಹೋಗ್ಬೇಡ," ಎಂದರು.

ಅಕ್ಕ ಅತ್ತುಬಿಟ್ಟಳು. ಅಳುತ್ತಲೇ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ದೋಣಿ ಹತ್ತಿದಳು. "ಬಿಚ್ಚೋಕೆ ಯಾವ ಕಡೆ ತಿರುಗಿಸ್ಬೇಕು?" ಎಂದು ಗಂಡನನ್ನು ಕೇಳಿದಳು. ಅವರೂ ಹತ್ತಿ, ಅವಳ ಕೈಯ ಮೇಲೆ ಕೈ ಇಟ್ಟರು. ನಾನು ಸಹಾಯಕ್ಕೆಂದು ಹೆಜ್ಜೆ ಮುಂದಿಟ್ಟೆ.

"ನೀನು ಹೋಗಪ್ಪ," ಎಂದಳು ಅಕ್ಕ, ಮೂಗೊರೆಸಿಕೊಂಡು. "ಯಾರ ಮನೇಲಾದ್ರೂ ಫ್ರಿಜ್ ಕೆಟ್ಟಿರುತ್ತೆ, ಹೋಗು."

ನಾನು ಗೇಟು ದಾಟುವಾಗಲೂ ನಟ್ಟು ಜಗ್ಗಿರಲಿಲ್ಲ. ಯಾವ ಪುಣ್ಯಾತ್ಮ ಇಷ್ಟು ಬಿಗಿದಿದ್ದಾನೋ ಎಂದು ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು.